ಭತ್ತದ ಬೆಳೆಗಾರರಿಗೆ ಹತ್ತು ಸೂತ್ರಗಳು: ತಳಿ ಆರಿಸುವುದರಿಂದ ಬೀಜ ಕಟ್ಟಿಡುವವರೆಗೆ

ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳಲ್ಲಿ ನಿಂತಿರುವ ಭತ್ತದ ಜಾತಕ ತೆಗೆದರೆ ಬಹುಪಾಲು ತವರುಮನೆ ಗಡಿಯಾಚೆಗೇ ಇರುತ್ತದೆ. ಸಾಂಬಾ ಮಸೂರಿ ಎಂದೇ ಹೆಸರಾದ ಬಿಪಿಟಿ 5204 ಬಾಪಟ್ಲದ್ದು. ಎಂಟಿಯು 1010 ಮಾರುಟೇರಿನದ್ದು. ಈಚೆಗೆ ಎಲ್ಲರ ಬಾಯಲ್ಲಿರುವ ಆರ್‌ಎನ್‌ಆರ್ 15048 ಹೈದರಾಬಾದಿನ ರಾಜೇಂದ್ರನಗರದ ಕೃಷಿ ವಿಶ್ವವಿದ್ಯಾಲಯದ್ದು. ಅದೇ ರಾಜೇಂದ್ರನಗರದಲ್ಲಿ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯೂ ಇದೆ. 1965ರಲ್ಲಿ ದೇಶದ ಭತ್ತದ ತಳಿಗಳನ್ನೆಲ್ಲ ಒಂದೇ ಅಳತೆಗೋಲಿನಲ್ಲಿ ಪರೀಕ್ಷಿಸುವ ಯೋಜನೆಯಾಗಿ ಶುರುವಾದ ಕೆಲಸ ಅದು.

ಆದರೆ ತಳಿ ಎಲ್ಲೇ ಹುಟ್ಟಲಿ, ಗೆಲುವು ಸೋಲು ತೀರ್ಮಾನವಾಗುವುದು ನಿಮ್ಮ ಮಡಿಯಲ್ಲಿ. ಪಕ್ಕದ ಹೊಲದವರಿಗೆ ಎಕರೆಗೆ ನಲವತ್ತು ಚೀಲ ಬಂತೆಂದು ಅದೇ ಬೀಜ ತಂದು ಕೈಸುಟ್ಟುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಇಳುವರಿಯ ಅಂಕಿಯನ್ನು ಕೊನೆಗೆ ನೋಡಿ. ಅದಕ್ಕೂ ಮೊದಲು ನೋಡಬೇಕಾದವು ಇಲ್ಲಿವೆ.

1. ಮೊದಲು ನೀರಿನ ಲೆಕ್ಕ, ಆಮೇಲೆ ತಳಿಯ ಹೆಸರು

ಬಿಪಿಟಿ ಕೊಯ್ಲಿಗೆ ಬರಲು 145ರಿಂದ 150 ದಿನ ಬೇಕು. ಆರ್‌ಎನ್‌ಆರ್‌ಗೆ 120-125 ದಿನ ಸಾಕು. ಎಂಟಿಯು 1010 ಕೂಡ ಹೆಚ್ಚು ಕಡಿಮೆ 120 ದಿನದ್ದೇ. ಮೂರೂವರೆ ವಾರದ ಈ ಅಂತರದಲ್ಲೇ ಕೊನೆಯ ಎರಡು ಮೂರು ನೀರಿನ ಭವಿಷ್ಯ ಅಡಗಿದೆ. ಕಾಲುವೆ ನಿಲ್ಲುವ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಕಾಳು ಹಾಲು ತುಂಬುವ ಹೊತ್ತಿಗೆ ತೂಬು ಒಣಗಿರುತ್ತದೆ ಎಂದಾದರೆ ಆ ತಳಿ ನಿಮ್ಮದಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ದುರಸ್ತಿಗೆಂದೇ ತುಂಬಿದ ಅಣೆಕಟ್ಟೆಯ ನೀರನ್ನು ನದಿಗೆ ಬಿಡಬೇಕಾಯಿತು. ಆ ವಾರ ಎಡದಂಡೆಯ ಕೊನೆಭಾಗದ ರೈತರು ಯಾವ ಲೆಕ್ಕ ಹಾಕಿರಬಹುದೋ, ಅದನ್ನು ಪ್ರತಿ ವರ್ಷ ಬೀಜ ತರುವ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಕಾಲುವೆಯ ತಲೆಯಲ್ಲಿದ್ದವರು ದೀರ್ಘಾವಧಿ ತಳಿ ಹಾಕಲಿ, ಬಾಲದಲ್ಲಿದ್ದವರಿಗೆ ಅಲ್ಪಾವಧಿಯದೇ ವಾಸಿ.

2. ಹಂಗಾಮು ಬದಲಾದರೆ ತಳಿಯೂ ಬದಲಾಗಲಿ

ಮುಂಗಾರಿನಲ್ಲಿ ಹುಲುಸಾಗಿ ಬಂದದ್ದು ಬೇಸಿಗೆ ಬೆಳೆಯಲ್ಲೂ ಬರುತ್ತದೆಂಬ ಭರವಸೆ ಬೇಡ. ಡಿಸೆಂಬರ್ ಚಳಿಗೆ ಸಸಿಮಡಿ ಹಳದಿಗಟ್ಟಿ ಮೇಲೇಳದೆ ಕೂತುಬಿಡುತ್ತದೆ. ತೆಲಂಗಾಣದ ಹಿಂಗಾರಿಗೆಂದೇ ರಾಜೇಂದ್ರನಗರದಲ್ಲಿ ‘ತೆಲ್ಲ ಹಂಸ’ ಎಂಬ ಚಳಿ ತಡೆಯುವ ತಳಿ ರೂಪಿಸಿದ್ದು ಈ ಕಾರಣಕ್ಕೆ. ಇನ್ನು ಎತ್ತರಕ್ಕೆ ಬೆಳೆಯುವ ಎಷ್ಟೋ ಜವಾರಿ ತಳಿಗಳು ಹಗಲು ಕಿರಿದಾಗುವವರೆಗೆ ಹೊಡೆ ಬಿಚ್ಚುವುದೇ ಇಲ್ಲ. ಅಂಥವನ್ನು ಬೇಸಿಗೆಗೆ ಹಾಕಿದರೆ ಹುಲ್ಲಷ್ಟೇ ಕೈಗೆ ಬರುತ್ತದೆ.

3. ನಿಮ್ಮ ಊರಿನ ರೋಗ ಯಾವುದೆಂದು ಗುರುತಿಸಿ

ಎಲೆಯ ತುದಿಯಿಂದ ಅಂಚಿನುದ್ದಕ್ಕೂ ಅಂಕುಡೊಂಕಾಗಿ ಹಳದಿ ಇಳಿಯುತ್ತಿದೆಯೇ? ಗಾಳಿಮಳೆ ಬಂದುಹೋದ ಮೇಲೆ ಜಾಸ್ತಿಯಾಯಿತೇ? ಸಾರಜನಕದ ಕೊರತೆ ಎಂದುಕೊಂಡು ಯೂರಿಯಾ ಎರಚಬೇಡಿ. ಅಂಥ ಒಂದು ಎಲೆಯನ್ನು ಹಳದಿ-ಹಸಿರು ಕೂಡುವ ಜಾಗದಲ್ಲಿ ಕತ್ತರಿಸಿ, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಬೆಳಕಿಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಎಳೆ ಕೆಳಕ್ಕೆ ಇಳಿಯತೊಡಗಿದರೆ ಅದು ದುಂಡಾಣು ಅಂಗಮಾರಿ. ಗೊಬ್ಬರ ಹೆಚ್ಚಿದಷ್ಟೂ ಈ ರೋಗ ಕೆರಳುತ್ತದೆ. ಒಮ್ಮೆ ಹಬ್ಬಿದ ಮೇಲೆ ಪೂರ್ತಿ ವಾಸಿ ಮಾಡುವ ಔಷಧಿಯೂ ಇಲ್ಲ.

ಬಿಪಿಟಿಯ ದೊಡ್ಡ ಕೊರತೆಯೇ ಇದು. 1986ರಲ್ಲಿ ಬಿಡುಗಡೆಯಾದಾಗಿನಿಂದ ಊಟಕ್ಕೆ ಅದನ್ನು ಮೀರಿಸಿದ್ದು ಕಡಿಮೆ, ಅಂಗಮಾರಿಗೆ ಮಾತ್ರ ಅದು ಸುಲಭದ ತುತ್ತು. ಭತ್ತ ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದಿನದೇ ಆದ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಕೈಜೋಡಿಸಿ, ರೋಗ ತಡೆಯುವ ಮೂರು ವಂಶವಾಹಿಗಳನ್ನು ಅದಕ್ಕೆ ಸೇರಿಸಿದವು. ಅವುಗಳಲ್ಲಿ ಒಂದರ ಮೂಲ ಆಫ್ರಿಕಾದ ಮಾಲಿ ದೇಶದ ಕಾಡುಭತ್ತ. ಸೇರಿಸಿದ್ದು ಮಾಮೂಲಿ ಸಂಕರಣದಿಂದಲೇ. ಯಾವ ಸಸಿಗೆ ಗುಣ ಬಂತೆಂದು ನೋಡಲು ಮಾತ್ರ ಡಿಎನ್‌ಎ ಗುರುತುಗಳ ನೆರವು. ಹೀಗೆ ಬಂದದ್ದು 2008ರ ‘ಸುಧಾರಿತ ಸಾಂಬಾ ಮಸೂರಿ’. ಕಾಳು ಅದೇ, ರುಚಿ ಅದೇ, ಕೊಯ್ಲು ವಾರ-ಹತ್ತು ದಿನ ಮುಂಚೆ.

ಇಲ್ಲೊಂದು ಎಚ್ಚರಿಕೆ ಇದೆ. ಈ ತಳಿ ತಡೆಯುವುದು ಅಂಗಮಾರಿಯನ್ನು ಮಾತ್ರ. ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಅದರಿಂದ ರಕ್ಷಣೆಯಿಲ್ಲ. ‘ರೋಗನಿರೋಧಕ’ ಎಂದು ಯಾರಾದರೂ ಬೀಜ ಮಾರಲು ಬಂದರೆ ‘ಯಾವ ರೋಗಕ್ಕೆ?’ ಎಂದು ಕೇಳಿ.

4. ಚೀಲಕ್ಕಿಂತ ಮೊದಲು ಚೀಟಿ ನೋಡಿ

ಬಿಳಿ ಚೀಟಿ ಮೂಲ ಬೀಜ, ನೀಲಿ ಚೀಟಿ ಪ್ರಮಾಣಿತ ಬೀಜ. ಮೊಳಕೆ ಪ್ರಮಾಣ ನೂರಕ್ಕೆ 80 ಇರಲೇಬೇಕು. ಚೀಟಿಯನ್ನೂ ನಂಬದೆ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡುವುದು ನಮ್ಮ ಹಿರಿಯರ ಕ್ರಮ. ರಸೀದಿ, ಚೀಟಿ ಎರಡನ್ನೂ ಕೊಯ್ಲಿನ ತನಕ ಜೋಪಾನ ಮಾಡಿ. ಬೆಳೆ ಕೈಕೊಟ್ಟಾಗ ಪರಿಹಾರ ಕೇಳಲು ಬೇರೆ ಆಧಾರ ಇರುವುದಿಲ್ಲ.

5. ಜೊಳ್ಳು ಕಳೆಯಲು ಉಪ್ಪುನೀರು

ಹಸಿ ಕೋಳಿಮೊಟ್ಟೆ ಮೇಲೆದ್ದು ನಾಣ್ಯದಗಲ ಕಾಣುವಷ್ಟು ಉಪ್ಪು ಕರಗಿಸಿ ಬೀಜ ಸುರಿಯಿರಿ. ತೇಲಿದ್ದು ಕೋಳಿಗೆ, ಮುಳುಗಿದ್ದು ಸಸಿಮಡಿಗೆ. ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯುವುದನ್ನು ಮರೆತರೆ ಮೊಳಕೆಗೆ ಪೆಟ್ಟು.

6. ಸಸಿಯ ವಯಸ್ಸು ಮೀರಬಾರದು

ತಳಿ ಎಷ್ಟು ತಿಂಗಳಿನದೋ ಸಸಿಗೆ ಅಷ್ಟು ವಾರ. ನಾಲ್ಕು ತಿಂಗಳ ತಳಿಯ ಸಸಿಯನ್ನು ಆಳು ಸಿಗಲಿಲ್ಲವೆಂದು ಏಳನೇ ವಾರಕ್ಕೆ ಕಿತ್ತು ನೆಟ್ಟರೆ ತೆಂಡೆ ಒಡೆಯುವ ವಯಸ್ಸು ಮಡಿಯಲ್ಲೇ ಮುಗಿದಿರುತ್ತದೆ.

ನಾಟಿಗೆ ಮುಂಚೆ ಸಸಿಯ ತುದಿ ಚಿವುಟುವುದು ಒಳ್ಳೆಯ ಪದ್ಧತಿ. ಕಾಂಡ ಕೊರೆಯುವ ಹುಳುವಿನ ಮೊಟ್ಟೆಗಳು ಅಲ್ಲೇ ಇರುತ್ತವೆ. ಆದರೆ ಅಂಗಮಾರಿ ಕಾಡುವ ಊರಿನಲ್ಲಿ ಚಿವುಟಬೇಡಿ, ಆ ಗಾಯವೇ ದುಂಡಾಣುವಿಗೆ ಬಾಗಿಲು. ನಾಟಿಯಲ್ಲಿ ಎರಡು ಮೀಟರಿಗೊಂದರಂತೆ 20 ಸೆಂ.ಮೀ. ಅಗಲದ ಕಾಲುದಾರಿ ಬಿಡುವುದನ್ನು ತೆಲಂಗಾಣದ ರೈತರಿಂದ ಕಲಿಯಬೇಕು. ಗಾಳಿ ಬೆಳಕು ಬುಡಕ್ಕಿಳಿದರೆ ಜಿಗಿಹುಳು ಅಲ್ಲಿ ನೆಲೆಯೂರುವುದು ಕಡಿಮೆ. ಜಾಗ ದಂಡವಾಯಿತೆಂದು ಗೊಣಗುವವರು ಜಿಗಿಹುಳು ಸುಟ್ಟ ಮಡಿಯನ್ನು ಒಮ್ಮೆ ನೋಡಿ ಬರಲಿ.

7. ಜವಾರಿ ತಳಿಗೆ ಯೂರಿಯಾದ ಚಾಳಿ ಹಚ್ಚಬೇಡಿ

ಹಳೆಯ ತಳಿಗಳು ಆಳೆತ್ತರ ಬೆಳೆಯುತ್ತಿದ್ದವು. ದನಕ್ಕೆ ಹುಲ್ಲು, ಮನೆಗೆ ಅಕ್ಕಿ, ಎರಡೂ ಬೇಕಿತ್ತು. ಸಾರಜನಕ ಹೆಚ್ಚು ಕೊಟ್ಟರೆ ತೆನೆಯ ಭಾರಕ್ಕೆ ಅಡ್ಡಬೀಳುತ್ತಿದ್ದವು. ತೈವಾನಿನ ಗಿಡ್ಡ ತಳಿ ತೈಚುಂಗ್ ನೇಟಿವ್ 1 ಅನ್ನು ಒಡಿಶಾದ ಟಿ 141 ಜೊತೆ ಸಂಕರಿಸಿ 1968ರಲ್ಲಿ ‘ಜಯಾ’ ತಂದಾಗ ಬದಲಾದದ್ದು ಇದೇ: ಗೊಬ್ಬರ ತಿಂದರೂ ನೆಟ್ಟಗೆ ನಿಲ್ಲುವ ಗಿಡ ಸಿಕ್ಕಿತು. ಆ ಗಿಡ್ಡ ಗಿಡದ ಗೊಬ್ಬರವನ್ನು ರಾಜಮುಡಿಗೋ ರತ್ನಚೂಡಿಗೋ ಹಾಕಿ, ಬಿದ್ದ ಮೇಲೆ ‘ದೇಸಿ ತಳಿ ನಡೆಯುವುದಿಲ್ಲ’ ಎನ್ನುವುದು ಯಾವ ನ್ಯಾಯ?

ಜವಾರಿಗೆ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಡಯಾಂಚ ಸಾಕು. ಅದರ ಬೆಲೆ ಇರುವುದು ಬೇರೆ ಕಡೆ. ಕುಮಟಾದ ಅಘನಾಶಿನಿ ಬಯಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ಕಗ್ಗ ಭತ್ತ ಬದುಕುತ್ತದೆ. ಸಂಸ್ಥೆಗಳ ಹೊಸ ತಳಿಗಳಿಗೆ ಬೇಕಾದ ಗುಣಗಳು ಹೊರಡುವುದೂ ಇಂಥ ಗದ್ದೆಗಳಿಂದಲೇ. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ನೂರಾರು ತಳಿಗಳನ್ನು ವರ್ಷ ವರ್ಷ ಬಿತ್ತಿ ಉಳಿಸುತ್ತಿದ್ದಾರೆ. ಕಾಸರಗೋಡಿನ ಬೆಳ್ಳೂರು ಕಡೆಯ ಸತ್ಯನಾರಾಯಣ ಬೇಲೇರಿ 650ಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದರು. ಗದ್ದೆ ಸಾಲದೆ ಚೀಲಗಳಲ್ಲಿ ಮಣ್ಣು ತುಂಬಿಯೂ ಅವರು ಭತ್ತ ಬೆಳೆಸುತ್ತಾರೆ. ಬೀಜ ಉಳಿಸಲು ದೊಡ್ಡ ಜಮೀನೇ ಬೇಕೆನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

8. ನೀರು ಕಟ್ಟುವುದಕ್ಕೂ ಮಿತಿ ಇದೆ

ಭತ್ತ ನೀರನ್ನು ತಡೆದುಕೊಳ್ಳುತ್ತದೆ ನಿಜ. ಹಾಗೆಂದು ದಿನವೂ ಕೆರೆ ಕಟ್ಟಬೇಕೆಂದಿಲ್ಲ. ತೂತು ಕೊರೆದ ಪೈಪಿನ ತುಂಡೊಂದನ್ನು ಮಡಿಯಲ್ಲಿ ಹೂತಿಡಿ. ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹರಿಸಿದರೆ ಸಾಕು. ಹೂ ಬಿಡುವಾಗ ಮಾತ್ರ ನೀರು ತೆಳ್ಳಗೆ ನಿಂತಿರಲಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲ ಸವುಳಾದದ್ದು ನೀರಿಲ್ಲದೆ ಅಲ್ಲ, ಹೆಚ್ಚಾಗಿ.

9. ಬೀಜಕ್ಕೆಂದೇ ಒಂದು ಮಡಿ

ಬೀಜದ ಭತ್ತವನ್ನು ರಾಶಿಯಿಂದ ಎತ್ತಬೇಡಿ. ಬದುವಿನ ಸಾಲು ಬಿಟ್ಟು ನಡುವಿನ ಜಾಗ ಗುರುತಿಸಿ. ಹೂ ಬಂದಾಗ ಒಮ್ಮೆ, ತೆನೆ ಬಾಗಿದಾಗ ಒಮ್ಮೆ ನಡೆದಾಡಿ, ಬೇರೆ ಎತ್ತರ, ಬೇರೆ ಬಣ್ಣದ ಬುಡಗಳನ್ನು ಕಿತ್ತೆಸೆಯಿರಿ. ಕೊಯ್ದ ಮೇಲೆ ಸಿವುಡನ್ನು ಹಲಗೆಗೆ ಮೆಲ್ಲಗೆ ಬಡಿಯಿರಿ. ಮೊದಲ ಒಂದೆರಡು ಏಟಿಗೆ ಉದುರುವ ಬಲಿತ ಕಾಳೇ ಬೀಜ. ಹಲ್ಲಿಗೆ ಕೊಟ್ಟರೆ ಕಟ್ಟೆಂದು ಮುರಿಯುವವರೆಗೆ ಒಣಗಿಸಿ, ಲಕ್ಕಿ ಸೊಪ್ಪೋ ಬೇವಿನ ಸೊಪ್ಪೋ ಹಾಕಿ ಕಟ್ಟಿಡಿ. ಬೀಜ ಇಟ್ಟುಕೊಳ್ಳಲು, ಹಂಚಲು, ಬ್ರಾಂಡ್ ಹೆಸರಿಲ್ಲದೆ ಮಾರಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ನಿಮಗೆ ಹಕ್ಕು ಕೊಟ್ಟಿದೆ. ಹೈಬ್ರಿಡ್ ಬೀಜಕ್ಕೆ ಮಾತ್ರ ಈ ಸೂತ್ರ ನಡೆಯದು. ಅದನ್ನು ಪ್ರತಿ ವರ್ಷ ಕೊಳ್ಳಲೇಬೇಕು.

10. ಹೊಸ ತಳಿಗೆ ಮೊದಲ ವರ್ಷ ಐದು ಗುಂಟೆ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಅವುಗಳಲ್ಲಿ ‘ಕಮಲಾ’ ಎಂಬ ಡಿಆರ್‌ಆರ್ ಧಾನ್ 100 ರಾಜೇಂದ್ರನಗರದ್ದು. ಸಾಂಬಾ ಮಸೂರಿಯನ್ನೇ ತಿದ್ದಿದ್ದು. ಇಳುವರಿ ಶೇ. 19ರಷ್ಟು ಹೆಚ್ಚು, ಕೊಯ್ಲು ಸುಮಾರು ಮೂರು ವಾರ ಮುಂಚೆ ಎಂಬುದು ಸಂಸ್ಥೆಯ ಮಾತು. ಪರ-ವಿರೋಧ ಎರಡೂ ಜೋರಾಗಿವೆ. ಹೊಸ ತಳಿಯ ಬೆನ್ನಿಗೆ ದೊಡ್ಡ ಮಾತು ಹತ್ತುವುದು ಹೊಸದಲ್ಲ. ಆರ್‌ಎನ್‌ಆರ್ ಅಕ್ಕಿಯ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ರಕ್ತದಲ್ಲಿ ಸಕ್ಕರೆ ಏರಿಸುವ ಅಳತೆ, 51ರ ಆಸುಪಾಸು ಎಂದಾದಾಗಲೂ ‘ಸಕ್ಕರೆ ಕಾಯಿಲೆಯವರ ಅಕ್ಕಿ’ ಎಂಬ ಹೆಸರು ಅಂಗಡಿಗೆ ಹತ್ತಿತು. ಎರಡು ತಟ್ಟೆ ಉಂಡರೆ ಅದೂ ಅನ್ನವೇ.

ಯಾವ ತಳಿಯೇ ಆಗಲಿ, ಮೊದಲ ವರ್ಷ ನಿಮ್ಮ ಹಳೆಯ ತಳಿಯ ಪಕ್ಕದಲ್ಲೇ ಐದು ಗುಂಟೆ ಹಾಕಿ. ಅದೇ ನೀರು, ಅದೇ ಗೊಬ್ಬರ, ನಾಟಿಯೂ ಅದೇ ದಿನ. ಎರಡನ್ನೂ ಬೇರೆ ಬೇರೆ ಕೊಯ್ದು, ತೂಗಿ, ಒಂದೊಂದು ಚೀಲವನ್ನು ಗಿರಣಿಗೆ ಹಾಕಿಸಿ. 75 ಕಿಲೋ ನೆಲ್ಲಿಗೆ ಇಡಿ ಅಕ್ಕಿ ಎಷ್ಟು, ನುಚ್ಚೆಷ್ಟು ಬರೆದಿಟ್ಟುಕೊಳ್ಳಿ. ಅಕ್ಕಿಯನ್ನು ನಾಲ್ಕೈದು ತಿಂಗಳು ಹಳೆಯದಾಗಲು ಬಿಟ್ಟು ಅನ್ನ ಮಾಡಿಸಿ. ಮನೆಯವರು ಎರಡನೇ ಸಲ ನೀಡಿಸಿಕೊಂಡರೆ ಮುಂದಿನ ಮುಂಗಾರಿಗೆ ಅರ್ಧ ಎಕರೆಗೆ ಏರಿಸಿ.