ಬೆನ್ನಿಗೆ ಸೂರ್ಯ, ಎದುರಿಗೆ ನಂದಿ

ದೇವನಹಳ್ಳಿ ಬಳಿಯ ಕುಂದಾಣ ಸೀಮೆಯ ಯಾವುದಾದರೂ ಬಂಡೆಗುಡ್ಡ ಹತ್ತಿ, ಮುಳುಗುವ ಸೂರ್ಯನತ್ತ ಮೊಬೈಲ್ ಹಿಡಿಯಿರಿ. ಎರಡರಲ್ಲೊಂದು ಆಗುತ್ತದೆ. ಆಕಾಶ ಚೆನ್ನಾಗಿ ಬಂದರೆ ಕೆಳಗಿನ ರಾಗಿ ಹೊಲ, ನೀಲಗಿರಿ ತೋಪು ಕಪ್ಪಾಗುತ್ತವೆ; ಹೊಲ ಕಾಣಿಸಿದರೆ ಆಕಾಶ ಸುಣ್ಣ ಹೊಡೆದ ಗೋಡೆಯಾಗುತ್ತದೆ. ಹೊಸಬರು ಕ್ಯಾಮೆರಾವನ್ನು ಬೈದುಕೊಳ್ಳುವುದು ಇಲ್ಲೇ. ಪಾಪ, ಅದರ ತಪ್ಪೇನಿಲ್ಲ.

ಬೆಳಕಿನ ಏರಿಳಿತವನ್ನು ಅಳೆಯುವುದು ಸ್ಟಾಪ್ ಲೆಕ್ಕದಲ್ಲಿ. ಒಂದು ಸ್ಟಾಪ್ ಏರಿದರೆ ಬೆಳಕು ದುಪ್ಪಟ್ಟು. ಐದಕ್ಕೆ 32 ಪಟ್ಟು, ಎಂಟಕ್ಕೆ 256 ಪಟ್ಟು. ಸೂರ್ಯನ ಸುತ್ತಲಿನ ಆಕಾಶಕ್ಕೂ ನಿಮ್ಮ ಕಾಲಬುಡದ ಬಂಡೆಯ ನೆರಳಿಗೂ ಇಷ್ಟು ಅಂತರ ಮಾಮೂಲು. ಕಣ್ಣು ನೋಡಿದ ಕಡೆಗೆ ಹೊಂದಿಕೊಳ್ಳುತ್ತ ಹೋಗುತ್ತದೆ. ಕ್ಯಾಮೆರಾ ಒಂದು ಚಿತ್ರಕ್ಕೆ ಒಂದೇ ಅಳತೆ ಹಿಡಿಯಬೇಕು.

ಹಾಗಾಗಿ ಯಾವುದು ಕಪ್ಪಾದರೂ ಪರವಾಗಿಲ್ಲ ಎಂಬುದನ್ನು ಮೊದಲು ನೀವೇ ತೀರ್ಮಾನಿಸಿ. ಪೂರ್ತಿ ಬೆಳ್ಳಗಾಗಿ ಹೋದ ಆಕಾಶವನ್ನು ಆಮೇಲೆ ಯಾರೂ ತಂದುಕೊಡಲಾರರು. ನೆರಳನ್ನು ಒಂದಿಷ್ಟು ಎತ್ತಬಹುದು. ಅಳತೆ ಆಕಾಶದ್ದೇ ಇರಲಿ. ಮೊಬೈಲಿನಲ್ಲಾದರೆ ಸೂರ್ಯನ ಮೇಲಲ್ಲ, ಅದರ ಪಕ್ಕದ ಆಕಾಶದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ತುಸು ಕೆಳಗೆ ಜಾರಿಸಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ ಕಾಂಪನ್ಸೇಷನ್ ಮೈನಸ್ ಒಂದಕ್ಕಿಟ್ಟು, ಹಿಸ್ಟೋಗ್ರಾಂ ಬಲತುದಿಗೆ ಒತ್ತಿಕೊಂಡಿದೆಯೇ ನೋಡಿ; ಒತ್ತಿಕೊಂಡಿದ್ದರೆ ಇನ್ನೂ ಇಳಿಸಿ. ಆಮೇಲೆ ನೆರಳೆತ್ತಲು ಫೈಲು ರಾ ಇರಲಿ.

ಕಪ್ಪಾಗಲು ಬಿಟ್ಟದ್ದಕ್ಕೆ ಆಕಾರ ಬೇಕು, ಹೊಸಬರು ಎಡವುವುದು ಇಲ್ಲಿ. ಗುಂಡು, ಮರ, ಮುಂದೆ ನಿಂತ ಗೆಳೆಯ ಮೂರೂ ಒಂದರ ಮೇಲೊಂದು ಬಿದ್ದರೆ ಚಿತ್ರದಲ್ಲಿ ಉಳಿಯುವುದು ಅರ್ಥವಾಗದ ಕಪ್ಪು ಮುದ್ದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಒಂದೊಂದರ ನಡುವೆಯೂ ಆಕಾಶ ಇಣುಕುವಂತೆ ನಿಲ್ಲಿ. ನೆರಳಿನ ಈ ಆಟ ತಿಳಿಯಲು ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳು ಸಿಕ್ಕರೆ ನೋಡಿ. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’.

ಆಕಾಶ, ಹೊಲ ಎರಡೂ ಬೇಕೆನ್ನುವವರಿಗೆ ಮೂರು ನಾಲ್ಕು ಚಿತ್ರ ಬೆಸೆಯುವ ಎಚ್‌ಡಿಆರ್ ಉಂಟು, ಮೇಲರ್ಧ ಮಾತ್ರ ಮಬ್ಬಾಗಿಸುವ ಗ್ರ್ಯಾಜುಯೇಟೆಡ್ ಫಿಲ್ಟರ್ ಉಂಟು. ಫಿಲ್ಟರ್ ಬಯಲಿನ ದಿಗಂತಕ್ಕೆ ಸರಿ. ಬೆಟ್ಟದ ತುದಿ ಅದರ ಗೆರೆ ದಾಟಿ ಮೇಲೆದ್ದರೆ ತುದಿಯೂ ಮಬ್ಬಾಗುತ್ತದೆ. ಎಚ್‌ಡಿಆರ್ ಅತಿಯಾದರೆ ನೆರಳೆಲ್ಲ ಬೆಳಗಿ ಸಂಜೆ ಆರೂವರೆ ಮಧ್ಯಾಹ್ನದಂತೆ ಕಾಣುತ್ತದೆ. ನನಗೆ ಅದು ಹಿಡಿಸದು.

ಇಷ್ಟೆಲ್ಲ ಹೆಣಗುವ ಬದಲು ಸುಮ್ಮನೆ ಬಲಕ್ಕೆ ತಿರುಗಿ. 1,478 ಮೀಟರಿನ ನಂದಿಬೆಟ್ಟ ಕುಂದಾಣಕ್ಕೆ ಉತ್ತರದಲ್ಲಿ, ಕೊಂಚ ಈಶಾನ್ಯಕ್ಕೆ ವಾಲಿದಂತಿದೆ. ಜನ ಅಲ್ಲಿಗೆ ನುಗ್ಗುವುದು ಸೂರ್ಯೋದಯಕ್ಕೆ. ನಮಗೆ ಬೇಕಾದದ್ದು ಸಂಜೆ ದೂರದಿಂದ ಕಾಣುವ ಅದರ ಮೈ. ಆಗ ಬೆಟ್ಟಕ್ಕೂ ಆಕಾಶಕ್ಕೂ ಬೆಳಕಿನ ಅಂತರ ತೀರಾ ಕಡಿಮೆ, ಒಂದೇ ಅಳತೆಯಲ್ಲಿ ಎರಡೂ ಸಿಗುತ್ತವೆ. ಆದರೆ ತಿಂಗಳು ನೋಡಿಕೊಳ್ಳಿ. ನಮ್ಮ ಸೀಮೆಯಲ್ಲಿ ಸೂರ್ಯ ಡಿಸೆಂಬರಿನಲ್ಲಿ ಪಶ್ಚಿಮದಿಂದ ಸುಮಾರು 24 ಡಿಗ್ರಿ ತೆಂಕಕ್ಕೂ ಜೂನಿನಲ್ಲಿ ಅಷ್ಟೇ ಬಡಗಕ್ಕೂ ಸರಿದು ಮುಳುಗುತ್ತಾನೆ. ನಂದಿಗೆ ಮುಖ ಮಾಡಿ ನಿಂತರೆ ಡಿಸೆಂಬರಿನ ಬೆಳಕು ನಿಮ್ಮ ಎಡ ಹೆಗಲ ಹಿಂದಿನಿಂದ ಬಂದು ಬೆಟ್ಟವನ್ನು ಚಪ್ಪಟೆ ಮಾಡುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ಅದು ಪಕ್ಕಕ್ಕೆ ಸರಿದಿರುತ್ತದೆ. ಒಂದೊಂದು ಕೊರಕಲಿಗೂ ನೆರಳು ಬಿದ್ದು ಬೆಟ್ಟ ಮೈದುಂಬಿಕೊಳ್ಳುತ್ತದೆ. ಜೂನಿನಲ್ಲಿ ಬೆಳಕು ನೇರ ಪಕ್ಕದಿಂದಲೇ, ಮೋಡ ಬಿಟ್ಟರೆ.

ಹೊತ್ತು ಮಾತ್ರ ಕೈಲಿರುವುದಿಲ್ಲ. ಇಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ದಿಗಂತ ಮುಟ್ಟಿದ ಬಿಂಬ ಎರಡು ನಿಮಿಷ ಚಿಲ್ಲರೆಯಲ್ಲಿ ಮಾಯ. ಆಮೇಲೆ ಇಪ್ಪತ್ತು ನಿಮಿಷದ ಮಂದ ಬೆಳಕಿನಲ್ಲಿ ನೆರಳುಗಳು ತಾವೇ ಮೆತ್ತಗಾಗುತ್ತವೆ, ಹೊಲದ ಬಣ್ಣ ಮರಳುತ್ತದೆ. ಗಂಟು ಕಟ್ಟಿ ಹೊರಡಬೇಡಿ. ಕ್ಯಾಮೆರಾ ಟ್ರೈಪಾಡಿಗೆ ಏರಿಸಿ, ಐಎಸ್‌ಒ 100ಕ್ಕಿಳಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಡ್ರೋನ್ ತರುವ ಯೋಚನೆಯಿದ್ದರೆ ದೇವನಹಳ್ಳಿಯ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆಯೆಂಬುದು ನೆನಪಿರಲಿ. ಅನುಮತಿಯ ನಕ್ಷೆ ನೋಡದೆ ಹಾರಿಸುವಂತಿಲ್ಲ. ಇಳಿಯುವಾಗ ಬಂಡೆ ಕಾಣದು, ಟಾರ್ಚ್ ಇರಲಿ.