ವಾಗ್ದಾನಕ್ಕೆ ನೆರವಾಗಹೊರಟವರಿಗೆ

ದೇವರ ವಾಗ್ದಾನವು ವಿಳಂಬಿಸಿದಂತೆ ತೋರಿದಾಗ ಅದಕ್ಕೆ ನಮ್ಮ ಕೈಯಿಂದಲೂ ಒಂದಿಷ್ಟು ನೆರವು ಸಲ್ಲಲಿ ಎಂಬ ಆಲೋಚನೆಯು ಅವಿಶ್ವಾಸಿಗಳಿಗಿಂತ ಹೆಚ್ಚಾಗಿ ಭಕ್ತರನ್ನೇ ಕಾಡುವುದೆಂಬುದನ್ನು, ಪ್ರಿಯ ವಾಚಕರೇ, ಆದಿಕಾಂಡದ 16ನೆಯ ಅಧ್ಯಾಯವನ್ನು ಸಾವಧಾನವಾಗಿ ಓದಿದರೆ ನೀವೇ ಕಾಣುವಿರಿ. 75ನೆಯ ವಯಸ್ಸಿನಲ್ಲಿ ಖಾರಾನ್ ಪಟ್ಟಣವನ್ನು ತೊರೆದು ಹೊರಟ ಅಬ್ರಾಮನಿಗೆ ಸಂತತಿಯ ವಾಗ್ದಾನವೇನೋ ಇದ್ದಿತು. ಆದರೆ ಕಾನಾನ್ ದೇಶದಲ್ಲಿ 10 ಸಂವತ್ಸರಗಳು ಸಂದರೂ ತೊಟ್ಟಿಲು ಬರಿದಾಗಿಯೇ ಉಳಿಯಲು, ಸಾರಯಳು ತನ್ನ ಐಗುಪ್ತ ದಾಸಿಯಾದ ಹಾಗರಳನ್ನು ಪತಿಗೆ ಒಪ್ಪಿಸಿ, ದೈವಸಂಕಲ್ಪವನ್ನು ಲೋಕರೂಢಿಯ ಮಾರ್ಗದಿಂದ ನೆರವೇರಿಸಲು ಯತ್ನಿಸಿದಳು. ಆ ಕಾಲಕ್ಕೆ ಅದು ಅಕ್ರಮವೇನಲ್ಲ. ವಿವೇಕದ ಉಪಾಯವೆಂದೇ ತೋರಿರಬೇಕು. ಅಪಾಯವಿದ್ದುದೂ ಅಲ್ಲಿಯೇ. ಹಾಗರಳ ಮಗ ಇಷ್ಮಾಯೇಲನು ಹುಟ್ಟುವ ಮೊದಲೇ ಆ ಗುಡಾರದಲ್ಲಿ ತಿರಸ್ಕಾರ ಹುಟ್ಟಿತು. ಆ ಉಪಾಯದ ಭಾರವೆಲ್ಲವೂ ಅದರಲ್ಲಿ ಯಾವ ಮಾತೂ ಇಲ್ಲದಿದ್ದ ದಾಸಿಯ ಮೇಲೆ ಬಿದ್ದಿತು. (ಈ ಅಂಶವನ್ನು ಉಪದೇಶಕರು ಅವಸರದಲ್ಲಿ ದಾಟಿಬಿಡುವುದುಂಟು; ಅರಣ್ಯದ ಒರತೆಯ ಬಳಿ ಅವಳನ್ನು ಹೆಸರು ಹಿಡಿದು ಕರೆದ ದೇವದೂತನು ಮಾತ್ರ ದಾಟಲಿಲ್ಲ.) ವಾಗ್ದಾನದ ಮಗನಾದ ಇಸಾಕನು ಹುಟ್ಟಿದ್ದು ತಂದೆಗೆ 100 ವರ್ಷಗಳು ತುಂಬಿದ ಮೇಲೆ, ಉಪಾಯಗಳೆಲ್ಲವೂ ಮುಗಿದಿದ್ದಾಗ.

ಸುನ್ನತಿ ಮೊದಲಾದ ನಿಯಮಗಳ ಆಚರಣೆಯಿಂದ ನೀತಿಯನ್ನು ಗಳಿಸಹೊರಟ ಗಲಾತ್ಯದ ಸಭೆಗಳಿಗೆ ಪತ್ರ ಬರೆದಾಗ, ಪೌಲನು ಮನುಷ್ಯನ ಉಪಾಯಕ್ಕೂ ದೇವರ ವಾಗ್ದಾನಕ್ಕೂ ಇರುವ ಅಂತರವನ್ನು ತೋರಿಸಲು ಹಾಗರ, ಸಾರಯ ಎಂಬ ಈ ಇಬ್ಬರು ಸ್ತ್ರೀಯರನ್ನೇ ದೃಷ್ಟಾಂತವಾಗಿ ಎತ್ತಿಕೊಂಡನು.

ಹಾಗೆಂದು ಕೈಕಟ್ಟಿ ಕುಳಿತಿರಿ ಎಂದಲ್ಲ. ಅಬ್ರಾಮನು ಕಾಯುತ್ತಲೇ ಹಿಂಡುಗಳನ್ನು ಮೇಯಿಸಿದನು, ಬಾವಿಗಳನ್ನು ತೋಡಿಸಿದನು. ನೀವೂ ದುಡಿಯಿರಿ, ಪ್ರಾರ್ಥಿಸಿರಿ, ಉಪವಾಸವನ್ನೂ ಮಾಡಿರಿ. ಆದರೆ ಅವನ್ನೆಲ್ಲ ಲೆಕ್ಕವಾಗಿ ಬರೆದು ದೇವರ ಮುಂದಿರಿಸಿ, ಬಾಕಿಯನ್ನು ಕೇಳಹೋಗದಿರಿ.