ಜ್ವರ ಹೊತ್ತು ಬಸ್ಸು ಹತ್ತಬೇಡಿ

ಮಳೆಗಾಲದ ಬೆಳಿಗ್ಗೆ ಹರಿಹರದಿಂದ ದಾವಣಗೆರೆಗೆ ಹೊರಡುವ ಯಾವ ಬಸ್ಸನ್ನಾದರೂ ಹತ್ತಿ ನೋಡಿ. ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಕಾಲಿಡಲು ಜಾಗವಿರುವುದಿಲ್ಲ, ಮುಂದೊಬ್ಬರು ಹಿಂದೊಬ್ಬರು ಕೆಮ್ಮುತ್ತಿರುತ್ತಾರೆ. ಹೆಚ್ಚಿನವರು ನಿಮ್ಮ ವಯಸ್ಸಿನ ಹುಡುಗ ಹುಡುಗಿಯರೇ. "ಯಾಕಪ್ಪಾ, ಮೈ ಸುಡ್ತಿದೆಯಲ್ಲ" ಎಂದರೆ, "ಏನಾಗಲ್ಲ ಬಿಡ್ರಿ ಅಜ್ಜಾರೆ, ಮಾತ್ರೆ ನುಂಗೀನಿ" ಎಂಬ ಉತ್ತರ ಬರುತ್ತದೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಒಂದು ದಿನ ರಜೆ ಹಾಕಿದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಆದರೂ ಈ ಹಿರಿಯನ ಮಾತನ್ನು ಸ್ವಲ್ಪ ಕೇಳಿ. ನೀವು ನುಂಗಿದ ಪ್ಯಾರಾಸಿಟಮಾಲ್ ಮೈಯ ಬಿಸಿಯನ್ನು ಇಳಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ಹಣೆ ತಣ್ಣಗಾದರೂ ಕೆಮ್ಮಿದಾಗ ರೋಗ ಹೊರಗೆ ಬರುತ್ತಲೇ ಇರುತ್ತದೆ. ಫ್ಲೂ ತಗುಲಿದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ ಹಿಡಿದು ಆಮೇಲೆ ಐದರಿಂದ ಏಳು ದಿನದವರೆಗೂ ಬೇರೆಯವರಿಗೆ ಅದನ್ನು ದಾಟಿಸಬಲ್ಲರು.

ನಮ್ಮ ಈ ದಾರಿಯಲ್ಲಿ ರೋಗ ಪ್ರಯಾಣ ಮಾಡಿದ್ದು ಇವತ್ತು ನಿನ್ನೆಯಲ್ಲ. 1898ರಲ್ಲಿ ಪ್ಲೇಗು ಬೆಂಗಳೂರು ಸೇರಿದ್ದು ಹುಬ್ಬಳ್ಳಿ ಕಡೆಯಿಂದ, ರೈಲಿನ ಮೂಲಕ. ಆ ರೈಲು ಹಾದು ಹೋಗುತ್ತಿದ್ದುದು ಹರಿಹರ, ದಾವಣಗೆರೆಯ ಮೇಲೆಯೇ. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕಿದ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅದಾಗಿ ಇಪ್ಪತ್ತು ವರ್ಷಕ್ಕೆ, 1918ರಲ್ಲಿ, ಮುಂಬೈಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಅಂದರೆ ಇದೇ ಫ್ಲೂ, ರೈಲು ಹಳಿ ಹಿಡಿದು ದೇಶವನ್ನೆಲ್ಲ ಸುತ್ತಿತು. ಮೊದಲು ಬಂದದ್ದು ಸಾಧಾರಣ ಜ್ವರದಂತಿತ್ತು. ಸೆಪ್ಟೆಂಬರಿನಿಂದ ತಿರುಗಿ ಬಂದದ್ದು ಮನೆಮನೆಗಳನ್ನು ಖಾಲಿ ಮಾಡಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮೀರಿದರು. ಜನಗಣತಿಯ ಇತಿಹಾಸದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿದ ದಶಕ 1911ರಿಂದ 1921ರದ್ದು ಒಂದೇ. ಆ ಜ್ವರ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು. "ವಯಸ್ಸಿದೆ, ತಡ್ಕೊಳ್ತೀನಿ" ಎನ್ನುವ ಮೊದಲು ಇದನ್ನು ನೆನಪಿಡಿ.

ಆ ಕಾಲದವರಿಗೆ ಆ ಜ್ವರ ಯಾವುದರಿಂದ ಬರುತ್ತದೆ ಎಂಬುದೇ ತಿಳಿದಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1933ರಲ್ಲಿ. ಲಸಿಕೆ ಬಂದದ್ದು 1940ರ ದಶಕದಲ್ಲಿ. ನಿಮಗಾದರೋ ಎಲ್ಲ ತಿಳಿಯುವ ದಾರಿ ಇದೆ. ತಿಳಿದೂ ಅಸಡ್ಡೆ ಮಾಡುತ್ತೀರಲ್ಲ ಎಂಬುದೇ ನನ್ನ ಚಿಂತೆ.

ಮೊದಲು ಜ್ವರವನ್ನು ಗುರುತಿಸಲು ಕಲಿಯಿರಿ. ನೆಗಡಿ ಮೆಲ್ಲಗೆ ಬರುತ್ತದೆ. ಮೂಗು ಸೋರುತ್ತದೆ, ಸೀನು ಬರುತ್ತದೆ, ಕೆಲಸ ನಿಲ್ಲುವುದಿಲ್ಲ. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಚಳಿ, ಜೋರು ಜ್ವರ, ಮೈಕೈ ನೋವು, ತಲೆನೋವು, ಗಂಟಲು ಕೆರೆತ, ಒಣ ಕೆಮ್ಮು, ಎದ್ದು ನಿಲ್ಲಲಾಗದ ಸುಸ್ತು. ಸಣ್ಣ ಮಕ್ಕಳಿಗೆ ವಾಂತಿ, ಭೇದಿಯೂ ಆಗಬಹುದು. ವಯಸ್ಸಾದವರಲ್ಲಿ ಒಮ್ಮೊಮ್ಮೆ ಜ್ವರವೇ ಕಾಣುವುದಿಲ್ಲ. ಊಟ ಬಿಡುತ್ತಾರೆ, ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ. ಹೆಚ್ಚಿನವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಮ್ಮು ಮಾತ್ರ ಎರಡು ವಾರ ಉಳಿಯಬಹುದು. ಕೋವಿಡ್ ಕೂಡ ಹೀಗೇ ಇರುತ್ತದೆ. ಪರೀಕ್ಷೆ ಮಾಡಿಸದೆ ಎರಡನ್ನೂ ಬೇರೆ ಮಾಡುವುದು ವೈದ್ಯರಿಗೂ ಕಷ್ಟ.

ಆದರೆ ನಮ್ಮ ಕಡೆ ಚಳಿಜ್ವರವೆಲ್ಲ ಫ್ಲೂ ಅಲ್ಲ. ಕೆಮ್ಮು, ನೆಗಡಿ ಇಲ್ಲದೆ ಜ್ವರ ಏರಿ, ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ ಕಂಡರೆ ಡೆಂಗಿ ಇರಬಹುದೆಂದು ಅನುಮಾನಿಸಿ. ಡೆಂಗಿಯಲ್ಲಿ ಜ್ವರ ಇಳಿದಾಗಲೇ ಅಪಾಯ ಶುರುವಾಗಬಹುದು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಾಯಬೇಡಿ. ಕೀಲುಗಳು ಹಿಡಿದು ನಡೆಯಲಾಗದಂತೆ ಮಾಡುವುದು ಚಿಕೂನ್‌ಗುನ್ಯಾ. 2006ರಲ್ಲಿ ರಾಜ್ಯದ ಹಳ್ಳಿ ಹಳ್ಳಿಗಳೇ ಅದರಿಂದ ಕುಂಟಿದ್ದವು. ಭದ್ರಾ ನಾಲೆಯ ಗದ್ದೆಗಳಲ್ಲಿ ಕೆಸರಿಗಿಳಿದು ದುಡಿಯುವವರಿಗೆ ಮೀನಖಂಡದ ನೋವು, ಕೆಂಪು ಕಣ್ಣು, ಜ್ವರ ಒಟ್ಟಿಗೆ ಬಂದರೆ ಇಲಿಜ್ವರದ ಪರೀಕ್ಷೆ ಬೇಕಾದೀತು. ಬೇಸಿಗೆಯಲ್ಲಿ ಶಿವಮೊಗ್ಗದ ಕಾಡು ಸುತ್ತಿ ಬಂದವರಿಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ, ಅಲ್ಲಿ ಮಂಗನ ಕಾಯಿಲೆ ಇದೆ. ಯಾವ ಜ್ವರವೆಂದು ಗೊತ್ತಾಗುವ ತನಕ ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ ಮುಟ್ಟಬೇಡಿ. ಡೆಂಗಿಯಾಗಿದ್ದರೆ ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

2009ರ ದಿನಗಳು ನನ್ನ ಕಣ್ಣ ಮುಂದಿವೆ. ಆ ಆಗಸ್ಟಿನಲ್ಲಿ ಪುಣೆಯಲ್ಲಿ ಎಚ್1ಎನ್1 ಫ್ಲೂನಿಂದ ದೇಶದ ಮೊದಲ ಸಾವಾಯಿತು. ಜನ ಅದನ್ನು ಹಂದಿಜ್ವರ ಎಂದರು, ಮುಖಕ್ಕೆ ಬಟ್ಟೆ ಕಟ್ಟಿಕೊಂಡರು, ಶಾಲೆಗಳಿಗೆ ರಜೆ ಸಿಕ್ಕಿತು. ಆಗ ಸರ್ಕಾರ ಮಾಡಿದ ಒಂದು ವಿಂಗಡಣೆ ಇಂದಿಗೂ ನಿಮಗೆ ಉಪಯೋಗಕ್ಕೆ ಬರುತ್ತದೆ. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಮಾತ್ರ ಇದ್ದರೆ ಎ ವರ್ಗ. ಮನೆಯಲ್ಲಿರಿ, ಒಂದೆರಡು ದಿನ ಗಮನಿಸಿ, ಪರೀಕ್ಷೆಗೆ ಓಡಬೇಕಿಲ್ಲ. ಜೋರು ಜ್ವರ, ವಿಪರೀತ ಗಂಟಲು ನೋವು ಇದ್ದರೆ, ಅಥವಾ ರೋಗಿ ಗರ್ಭಿಣಿ, ಎಳೆಯ ಮಗು, 65 ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯ, ಕಿಡ್ನಿ ತೊಂದರೆಯವರಾಗಿದ್ದರೆ ಬಿ ವರ್ಗ. ಬೇಗ ವೈದ್ಯರನ್ನು ನೋಡಿ. ಉಸಿರಾಡಲು ಕಷ್ಟ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಇವು ಸಿ ವರ್ಗ. ಆಗ ಗಳಿಗೆಯೂ ತಡ ಮಾಡದೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಿ. ಜ್ವರ ಬಿಟ್ಟು ಎರಡು ದಿನ ಹಗುರವಾಗಿ, ಮತ್ತೆ ಜ್ವರ ಕಾದು ಕೆಮ್ಮು ಜೋರಾದರೂ ಹೋಗಿ. ಶ್ವಾಸಕೋಶಕ್ಕೆ ನ್ಯುಮೋನಿಯಾ ಇಳಿದಿರಬಹುದು.

ಈಗ ನೀವು ಮಾಡುತ್ತಿರುವುದೇನು? ಮೆಡಿಕಲ್ ಶಾಪಿಗೆ ಹೋಗಿ "ಜ್ವರಕ್ಕೆ ಎರಡು ಡೋಸ್ ಕೊಡಿ" ಎನ್ನುತ್ತೀರಿ. ಪೊಟ್ಟಣದಲ್ಲಿ ಯಾವ ಯಾವ ಬಣ್ಣದ ಮಾತ್ರೆ ಇವೆ ಎಂದು ಕೇಳುವುದೂ ಇಲ್ಲ. ಅದರಲ್ಲಿ ಆಂಟಿಬಯೋಟಿಕ್ ಇದ್ದರೆ ಫ್ಲೂ ವೈರಸ್ಸಿಗೆ ಅದರಿಂದ ಏನೂ ಆಗದು. ನಾಳೆ ನಿಜವಾಗಿ ಬೇಕಾದಾಗ ಆ ಔಷಧ ನಾಟದಂತಾಗುತ್ತದೆ, ಅಷ್ಟೆ. ಫ್ಲೂಗೆಂದೇ ಇರುವ ಒಸೆಲ್ಟಾಮಿವಿರ್ ಎಂಬ ಔಷಧ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ. ಅದು ಯಾರಿಗೆ ಬೇಕು ಎಂದು ಹೇಳಬೇಕಾದವರು ವೈದ್ಯರು. ನಿಮ್ಮ ಪಾಲಿಗೆ ಪ್ಯಾರಾಸಿಟಮಾಲ್, ಗಂಜಿ, ನೀರು, ನಿದ್ದೆ ಸಾಕು. ಅಜ್ಜಿ ಮಾಡಿಕೊಟ್ಟ ಕಷಾಯವನ್ನೂ ಕುಡಿಯಿರಿ, ಗಂಟಲಿಗೆ ಹಿತವಾಗುತ್ತದೆ. ಆದರೆ ಅದನ್ನು ಕುಡಿದು ಹೊರಗೆ ತಿರುಗಬೇಡಿ. ಮಾತ್ರೆ ನುಂಗದೆಯೂ ಇಪ್ಪತ್ನಾಲ್ಕು ಗಂಟೆ ಜ್ವರ ಬಾರದಿದ್ದರೆ ಆಮೇಲೆ ಹೊರಡಿ.

ನಿಮ್ಮ ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಿ. ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಮೂರು ಪಾಳಿ ದುಡಿದ ಅಜ್ಜಂದಿರ ಎದೆಯಲ್ಲಿ ಹತ್ತಿಯ ಧೂಳು ಕೂತಿದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತು ಮಕ್ಕಳನ್ನು ಸಾಕಿದ ಅವ್ವಂದಿರು ಇದ್ದಾರೆ. ಇಂಥವರ ಶ್ವಾಸಕೋಶಕ್ಕೆ ಇನ್ನೊಂದು ಪೆಟ್ಟು ತಾಳುವ ಶಕ್ತಿ ಕಡಿಮೆ. ನೀವು ಮೂರು ದಿನದಲ್ಲಿ ಎದ್ದು ಕ್ರಿಕೆಟ್ಟಿಗೆ ಹೋಗುತ್ತೀರಿ. ನಿಮ್ಮಿಂದ ತಗುಲಿದ ಅದೇ ಜ್ವರ ಅವರನ್ನು ಐಸಿಯುಗೆ ಸೇರಿಸಬಹುದು. 2023ರ ಮಾರ್ಚಿನಲ್ಲಿ ಎಚ್3ಎನ್2 ಫ್ಲೂನಿಂದ ಹಾಸನ ಜಿಲ್ಲೆಯಲ್ಲಿ ತೀರಿಕೊಂಡವರು ಎಂಬತ್ತು ದಾಟಿದ್ದ, ಸಕ್ಕರೆ ಕಾಯಿಲೆಯಿದ್ದ ಹಿರಿಯರು.

ಇನ್ನು ಲಸಿಕೆಯ ಮಾತು. ನನ್ನ ವಯಸ್ಸಿನವರ ತೋಳು ನೋಡಿ, ಸಿಡುಬಿನ ಲಸಿಕೆಯ ಕಲೆ ಇರುತ್ತದೆ. ದಾಕು ಹಾಕುವವರು ಬಂದರೆಂದರೆ ಮಕ್ಕಳು ಕಣಜದ ಹಿಂದೆ ಅಡಗುತ್ತಿದ್ದರು, ಹಿರಿಯರು ಎಳೆದು ತಂದು ಕೂರಿಸುತ್ತಿದ್ದರು. ಸಿಡುಬು ದೇಶದಿಂದ ಹೋಗಿದ್ದು ಹಾಗೆ. 1995ರಿಂದ ನಿಮ್ಮ ತಾಯಂದಿರು ಭಾನುವಾರ ಬೂತಿನ ಮುಂದೆ ನಿಂತು ಪೋಲಿಯೋ ಹನಿ ಹಾಕಿಸಿದರು. 2014ರಲ್ಲಿ ಭಾರತ ಪೋಲಿಯೋ ಮುಕ್ತವಾಯಿತು.

ನೀವೂ ಸೂಜಿಗೆ ಹೆದರುವವರಲ್ಲ. ಜ್ವರ ಬಂದರೆ "ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿ ಕಳ್ಸಿ" ಎಂದು ನೀವೇ ಕೇಳುತ್ತೀರಿ. ಜ್ವರ ಬಾರದಿರಲೆಂದು ಹಾಕುವ ಚುಚ್ಚುಮದ್ದಿನ ಹೆಸರೆತ್ತಿದರೆ ಮಾತ್ರ ನೂರು ಅನುಮಾನ.

ಲಸಿಕೆಯಿಂದಲೇ ಜ್ವರ ಬರುತ್ತದೆ ಎನ್ನುತ್ತೀರಿ. ನಮ್ಮಲ್ಲಿ ಸಾಮಾನ್ಯವಾಗಿ ಚುಚ್ಚುವುದು ಸತ್ತ ವೈರಸ್ಸಿನಿಂದ ಮಾಡಿದ್ದು, ಅದು ಫ್ಲೂ ತರಲಾರದು. ತೋಳು ನೋಯಬಹುದು, ಒಂದೆರಡು ದಿನ ಮೈ ಬಿಸಿಯಾಗಬಹುದು. ಪೂರ್ಣ ರಕ್ಷಣೆ ಬರಲು ಎರಡು ವಾರ ಬೇಕು. ಆ ನಡುವೆ ತಗುಲಿದ ರೋಗಕ್ಕೆ ಲಸಿಕೆಯನ್ನು ದೂರಬೇಡಿ.

ಹಾಕಿಸಿಕೊಂಡರೂ ಬರುತ್ತದಂತೆ ಎನ್ನುತ್ತೀರಿ. ಹೌದು, ಬರಬಹುದು. ಲಸಿಕೆಗೂ ಆ ವರ್ಷ ಹರಡಿದ ವೈರಸ್ಸಿಗೂ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದು ಕಾಯಿಲೆಯನ್ನು ಶೇ. 40ರಿಂದ 60ರಷ್ಟು ತಗ್ಗಿಸುತ್ತದೆ. ಬಂದರೂ ಆಸ್ಪತ್ರೆಗೆ ಸೇರುವಷ್ಟು, ಸಾಯುವಷ್ಟು ಜೋರಾಗುವ ಸಂಭವ ಕಡಿಮೆ. ಹೆಲ್ಮೆಟ್ ಹಾಕಿದವರೂ ಬೈಕಿನಿಂದ ಬೀಳುತ್ತಾರೆ, ಅದಕ್ಕೆಂದು ಹೆಲ್ಮೆಟ್ಟನ್ನು ಎಸೆಯುತ್ತೇವೆಯೇ?

ವರ್ಷ ವರ್ಷವೂ ಯಾಕೆ ಎಂದು ಕೇಳುತ್ತೀರಿ. ಈ ವೈರಸ್ಸು ವರ್ಷ ವರ್ಷ ವೇಷ ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರುವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧ ಗೋಳಕ್ಕೆ, ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಎಂದು ಹೇಳುತ್ತದೆ. 2009ರಲ್ಲಿ ನಮ್ಮನ್ನು ನಡುಗಿಸಿದ ಎಚ್1ಎನ್1ನ ವಂಶವೂ ಈಗ ಪ್ರತಿ ವರ್ಷದ ಲಸಿಕೆಯಲ್ಲಿ ಇದೆ. ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದೇನೆ ಎಂದರೆ ಫ್ಲೂಗೆ ಅದು ಲೆಕ್ಕಕ್ಕಿಲ್ಲ, ಎರಡೂ ಬೇರೆ.

ನಮ್ಮ ದೇಶದ ಬಹುಭಾಗದಲ್ಲಿ ಫ್ಲೂ ಮಳೆಗಾಲದಲ್ಲಿ ಜೋರು, ಜನವರಿಯಿಂದ ಮಾರ್ಚಿನವರೆಗೆ ಇನ್ನೊಂದು ಸುತ್ತು. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಹಾಕಿಸುವುದು ಒಳ್ಳೆಯದು. ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಯಾರಿಗಾದರೂ ಕೊಡಬಹುದು. ಸಣ್ಣ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು. ಗರ್ಭಿಣಿಯರಿಗೆ ಕೊಟ್ಟರೆ ಹುಟ್ಟುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ಕಾವಲು. ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇದು ಸೇರಿಲ್ಲ, ಹಾಗಾಗಿ ಹೆಚ್ಚಿನವರು ಖಾಸಗಿಯಲ್ಲಿ ದುಡ್ಡು ಕೊಟ್ಟೇ ಹಾಕಿಸಬೇಕು. ಅದು ಬಡವರ ಮನೆಗೆ ಭಾರವೇ, ಅಲ್ಲವೆನ್ನುವುದಿಲ್ಲ. ಆದರೆ ಗೆಳೆಯನ ಬರ್ತ್‌ಡೇಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಲು ಚಂದಾ ಎತ್ತುವ ನೀವು, ಮನೆಯ ಒಬ್ಬ ಹಿರಿಯರ ಲಸಿಕೆಗೆ ವರ್ಷಕ್ಕೊಮ್ಮೆ ದುಡ್ಡು ಹೊಂದಿಸಲಾರಿರಾ? ಎಲ್ಲರಿಗೂ ಆಗದಿದ್ದರೆ ಅಪಾಯ ಹೆಚ್ಚಿರುವವರಿಂದ ಶುರು ಮಾಡಿ.

ಕೋವಿಡ್ ಕಾಲದಲ್ಲಿ ನೀವೇ ಮಾಸ್ಕ್ ಹಾಕಿದಿರಿ, ಕೈ ತೊಳೆದಿರಿ, ಪಕ್ಕದ ಮನೆಯವರಿಗೆ ಔಷಧ ತಂದುಕೊಟ್ಟಿರಿ. ನಿಮ್ಮ ಕೈಲಿ ಆಗುತ್ತದೆ ಎಂದು ಊರು ನೋಡಿದೆ. ಈಗ ಕೇಳುವುದು ಅದಕ್ಕಿಂತ ಚಿಕ್ಕದು. ಜ್ವರ ಬಂದರೆ ಮನೆಯಲ್ಲಿ ಮಲಗಿ. ಹೊರಡಲೇಬೇಕಾದರೆ ಮಾಸ್ಕ್ ಹಾಕಿ, ಮೊಣಕೈಗೆ ಕೆಮ್ಮಿ. ಹಾಸ್ಟೆಲಿನಲ್ಲಿ ಗೆಳೆಯನಿಗೆ ಜ್ವರವಿದ್ದರೆ ಅವನ ತಟ್ಟೆ ಲೋಟ ಬೇರೆ ಇಟ್ಟು, ಊಟ ತಂದುಕೊಟ್ಟು, ದಿನಕ್ಕೆರಡು ಸಲ ಉಸಿರು ಸರಾಗವಾಗಿದೆಯೇ ಎಂದು ವಿಚಾರಿಸಿ. ಮಳೆ ಹಿಡಿಯುವ ಮೊದಲು ನಿಮ್ಮ ಅಜ್ಜ ಅಜ್ಜಿಯನ್ನು ಲಸಿಕೆಗೆ ಕರೆದುಕೊಂಡು ಹೋಗಿ. "ಈ ವಯಸ್ಸಿಗೆ ನನಗ್ಯಾಕೋ ತಮ್ಮಾ, ದುಡ್ಡು ದಂಡ" ಎಂದು ಅವರು ಅನ್ನುತ್ತಾರೆ. ಹಿರಿಯರ ಮಾತು ಮೀರಬೇಡಿ ಎಂದು ಇಷ್ಟು ವರ್ಷ ಹೇಳುತ್ತಾ ಬಂದವನು ನಾನು. ಈ ಒಂದು ಮಾತನ್ನು ಮಾತ್ರ ಮೀರಿ.